ಖಾಲಿ ಬೋಗುಣಿ ವಾಪಸು ಕೊಡಬಾರದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹದಿನೆಂಟು ವರ್ಷಗಳ ಹಿಂದಿನ ಸಂಗತಿ. ಬೋಗುಣಿಯ ಅಂಚು ನೀಲಿ ಎಂಬುದೊಂದು ಖಂಡಿತ, ಏಕೆಂದರೆ ಆ ಬೋಗುಣಿ ಈ ಹೊತ್ತಿಗೂ ಸಿಂಗಪುರದ ಬೆಡೋಕಿನ ನಮ್ಮ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ, ಒಂದು ಕೆಜಿ ಈರುಳ್ಳಿ ಹೊತ್ತುಕೊಂಡು ಕೂತಿದೆ. ಮಿಕ್ಕದ್ದಕ್ಕೆಲ್ಲ ನನ್ನ ನೆನಪೇ ಸಾಕ್ಷಿ. ಅದು ಎಂಥ ಸಾಕ್ಷಿ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೋದ ತಿಂಗಳು, ನಮ್ಮ ಮದುವೆಯ ಊಟದಲ್ಲಿ ಬಾದಾಮಿ ಹಲ್ವ ಬಡಿಸಿದ್ದರು ಎಂದು ನಮ್ಮ ಮನೆಯವರ ಜೊತೆ ಒಂದು ಗಂಟೆ ವಾದ ಮಾಡಿ ಗೆದ್ದೆ. ಮಾರನೆಯ ದಿನ ಅದು ನನ್ನ ತಂಗಿಯ ಮದುವೆಯ ಊಟ ಎಂದು ತಿಳಿಯಿತು. ಗೆದ್ದ ವಾದವನ್ನು ವಾಪಸು ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಸುಮ್ಮನಿದ್ದೇನೆ. ದಿನಚರಿ ಬರೆಯುವವರ ನೆನಪು ಗಟ್ಟಿ ಇರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟೆನಲ್ಲ, ಇನ್ನು ನಾನೇಕೆ ಹೊರಲಿ ಎಂದು ಮನಸ್ಸು ಕೈ ತೊಳೆದುಕೊಳ್ಳುತ್ತದೆ. ವರ್ಷಗಳ ಮೇಲೆ ತೆರೆದು ಓದಿದರೆ, ನನ್ನದೇ ಕೈಬರಹದಲ್ಲಿ ನನಗೆ ಪರಿಚಯವಿಲ್ಲದ ಒಬ್ಬ ಹೆಂಗಸು ಏನೇನೋ ಮಾಡಿರುತ್ತಾಳೆ.

ಮೈಸೂರಿನಲ್ಲಿ ನಮ್ಮಮ್ಮ ಕಲಿಸಿದ ನಿಯಮಗಳನ್ನು ನಾನು ಕಾಲೇಜು ಸೇರಿದ ಮೇಲೆ ಒಂದೊಂದಾಗಿ ಬಿಟ್ಟೆ. ಮಂಗಳವಾರ ಉಗುರು ಕತ್ತರಿಸಿದೆ, ಹೊಸಿಲ ಮೇಲೆ ಕೂತೆ, ಹೊರಟಾಗ ಸೀನಿದವರನ್ನು ಲೆಕ್ಕಿಸದೆ ಹೊರಟೆ. ಗಣಿತದಲ್ಲಿ ಎಂಎಸ್ಸಿ ಮಾಡಿದವಳು ಕಾರಣವಿಲ್ಲದ ನಿಯಮವನ್ನು ಪಾಲಿಸಬಾರದು ಎಂಬ ಹಟ ಇತ್ತು. ಒಂದು ಮಾತ್ರ ಹೇಗೋ ತಪ್ಪಿಸಿಕೊಂಡು ಉಳಿಯಿತು. ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ, ಆ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಅಮ್ಮ ಇದನ್ನು ವಿವರಿಸಿದ್ದಿಲ್ಲ, ನಾನು ಕೇಳಿದ್ದಿಲ್ಲ. ಇದರ ಫಲವಾಗಿ ಸರಕಾರ ಕಟ್ಟಿಸಿದ ನಮ್ಮ ಎಚ್‌ಡಿಬಿ ಫ್ಲ್ಯಾಟಿನ ಅಡುಗೆಮನೆಯಲ್ಲಿ ಒಂದು ಇಡೀ ಕಪಾಟು ಬೇರೆಯವರ ಡಬ್ಬಗಳಿಗೆ ಮೀಸಲಾಗಿದೆ. ತುಂಬಿಸಿ ಕೊಡುವಷ್ಟು ಒಳ್ಳೆಯ ಅಡುಗೆ ಆದ ದಿನ ಕೊಡೋಣ ಎಂದು ಇಟ್ಟವು. ಅಂಥ ದಿನಗಳು ನನ್ನ ಅಡುಗೆಯಲ್ಲಿ ಕಡಿಮೆ. ಕಾಂಡೋ ಎಂಬ ದುಬಾರಿ ಖಾಸಗಿ ಅಪಾರ್ಟ್‌ಮೆಂಟುಗಳಲ್ಲಿರುವ ಬೆಂಗಳೂರಿನ ಹುಡುಗಿಯರು ಹೋಟೆಲಿನ ತೆಳು ಪ್ಲಾಸ್ಟಿಕ್ ಡಬ್ಬದಲ್ಲಿ ಪುಳಿಯೋಗರೆ ಕೊಟ್ಟು "ವಾಪಸ್ ಬೇಡ ಆಂಟಿ, ಬಿಸಾಕ್ಬಿಡಿ" ಎನ್ನುತ್ತಾರೆ. ಬಿಸಾಕುವುದು ಹೇಗೆ, ಖಾಲಿ ಕೊಡುವುದಕ್ಕಿಂತ ಅದು ಇನ್ನೂ ದೊಡ್ಡ ಅಪರಾಧವಲ್ಲವೇ ಎಂದು ಅವೂ ಕಪಾಟು ಸೇರುತ್ತವೆ. ಕಪಾಟಿನ ಬಾಗಿಲು ತೆಗೆದವರ ಮೇಲೆ ಡಬ್ಬಗಳು ಬೀಳುತ್ತವೆ. ನಮ್ಮ ಮನೆಯವರು ಬೆಳಿಗ್ಗೆ ಜುರಾಂಗ್ ಐಲ್ಯಾಂಡಿಗೆ ಕಂಪನಿ ಬಸ್ಸು ಹಿಡಿಯುವ ಆತುರದಲ್ಲಿ ಎರಡು ಸಲ ಪೆಟ್ಟು ತಿಂದಿದ್ದಾರೆ. "ಪ್ಲಾಂಟಲ್ಲಿ ಹೆಲ್ಮೆಟ್ ಕೊಟ್ಟಿದಾರೆ, ಮನೇಲೂ ಒಂದು ಇಟ್ಕೋತೀನಿ" ಎಂದರು.

ಪಕ್ಕದ ಮನೆಯ ಟಾನ್ ಆಂಟಿ ಸಿಕ್ಕಾಗ, ಕೊನೆಗೂ ನನ್ನ ಜಾತಿಯ ಮನುಷ್ಯರೊಬ್ಬರು ಸಿಕ್ಕರು ಎಂದು ನನಗೆ ಸಂತೋಷವಾಗಿತ್ತು. ಎಪ್ಪತ್ತು ದಾಟಿದ, ಒಬ್ಬರೇ ಇರುವ ಚೀನೀ ಹೆಂಗಸು. ಅವರ ಹೊಸ ವರ್ಷಕ್ಕೆ ಎರಡು ಕಿತ್ತಳೆ ಹಿಡಿದು ಅವರ ಮನೆಗೆ ಹೋಗಿದ್ದೆ. ಎರಡೂ ಕೈಯಲ್ಲಿ ಕೊಡಬೇಕು, ಅಷ್ಟು ನನಗೆ ಗೊತ್ತಿತ್ತು. ಹೊರಡುವಾಗ ಅವರು ತಮ್ಮ ತಟ್ಟೆಯಿಂದ ಬೇರೆ ಎರಡು ಕಿತ್ತಳೆ ತೆಗೆದು ನನ್ನ ಕೈಗಿಟ್ಟರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಂತೆ. ನನ್ನ ಕಣ್ಣಲ್ಲಿ ನೀರೇ ಬಂತು. ಮಾರನೆಯ ವಾರ ಬಿಸಿಬೇಳೆಬಾತ್ ಕಳಿಸಿದೆ. ಡಬ್ಬದಲ್ಲಿ ಶೇಂಗಾ ಬಿಸ್ಕತ್ತು ಬಂತು. ಅವಲಕ್ಕಿ ಹೋಯಿತು, ಮೊಟ್ಟೆಯಿಲ್ಲದ ಕೇಕು ಬಂತು. ನಾಲ್ಕು ತಿಂಗಳು ಹೀಗೆ ನಡೆಯಿತು. ಈ ಊರಿನಲ್ಲಿ ನೆರೆಹೊರೆ ಎಂಬುದೇ ಇಲ್ಲ ಎನ್ನುವವರ ಮುಂದೆ ಟಾನ್ ಆಂಟಿಯನ್ನು ಉದಾಹರಣೆ ಕೊಡುತ್ತಿದ್ದೆ.

ಒಂದು ಸಂಜೆ ಮಗಳು ಸಿಂಚನ, ಕಾಕಿ ಬುಕಿತ್‌ನಲ್ಲಿರುವ ಆಫೀಸು ಮುಗಿಸಿ ಬಂದವಳು, ಬೂಟು ಬಿಚ್ಚುತ್ತ ಹೇಳಿದಳು.

"ಅಮ್ಮ, ಟಾನ್ ಆಂಟಿ ಲಿಫ್ಟ್ ಹತ್ರ ಹಿಡ್ಕೊಂಡ್ರು."

"ಏನಂತೆ? ನಿನ್ನೆ ಪೊಂಗಲ್ ಹಿಡಿಸ್ತಂತಾ?"

"ಪ್ಲೀಸ್ ಸ್ಟಾಪ್ ಮಾಡೋಕೆ ಹೇಳು ಅಂದ್ರು."

"ಮೆಣಸು ಜಾಸ್ತಿ ಆಗಿತ್ತೇನೋ."

"ಮೆಣಸಲ್ಲಮ್ಮ. ನೀನು ಬಾಕ್ಸ್ ಕಳಿಸಿದ್ ತಕ್ಷಣ ಅವ್ರು ಅದಕ್ಕೆ ಏನಾದ್ರೂ ತರ್ಬೇಕು. ನೀನು ವೆಜಿಟೇರಿಯನ್ನು, ಎಗ್ ಬೇರೆ ತಿನ್ನಲ್ಲ. ಎಲ್ಲೆಲ್ಲೋ ಹುಡುಕ್ಬೇಕು. ಮಂಡಿ ನೋವಂತೆ. ಆ ಕೇಕಿಗೋಸ್ಕರ ಎರಡು ಬಸ್ ಚೇಂಜ್ ಮಾಡಿದಾರೆ."

"ಸುಮ್ನೆ ಬಾಕ್ಸ್ ವಾಪಸ್ ಕೊಡಬಹುದಿತ್ತಲ್ಲ. ನಾನೇನು ಕೇಳ್ತಿದ್ನಾ?"

"ನೀನು ಕೊಡ್ತೀಯಾ ಸುಮ್ನೆ?"

ನಾನು ಅವಳ ಬ್ಯಾಗು ಎತ್ತಿ ಕುರ್ಚಿಯ ಮೇಲಿಟ್ಟೆ.

"ಅವ್ರಿಗೆ ನಿನ್ ಕಂಡ್ರೆ ಭಯ ಲಾ. ಡೋರ್ ಹೋಲಲ್ಲಿ ನೋಡ್ತಾರಂತೆ. ನಿನ್ ಕೈಲಿ ಬಾಕ್ಸ್ ಇದ್ರೆ ಮನೇಲಿಲ್ಲ ಅನ್ನೋ ಥರ ಕೂತ್ಬಿಡ್ತಾರಂತೆ." ಇಷ್ಟು ಹೇಳಿ ಅವಳು ಬೂಟನ್ನು ಗೂಡಿಗೆ ತಳ್ಳಿದಳು. ಆಮೇಲೆ, ನನ್ನ ಕಡೆ ನೋಡದೆ, "ಅಲ್ಲೂ ನೀನು ಹಿಂಗೇ ಮಾಡಿದ್ದೆ. ಅಮಾಯಿ ಪಾಪ" ಎಂದಳು.

"ಅಮಾಯಿ ಪಾಪ ಏನು?"

"ಏನಿಲ್ಲ. ಸ್ನಾನಕ್ಕೆ ಹೋಗ್ತೀನಿ."

ಅವಳು ಸ್ನಾನಕ್ಕೆ ಹೋದರೆ ಬೇಗ ಬರುವವಳಲ್ಲ. ಅವತ್ತು ಇನ್ನೂ ತಡ ಮಾಡಿದಳು. ಹೊರಬಂದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಳು.

ಅಲ್ಲಿ ಎಂದರೆ ಮಲಾವಿ. ನಮ್ಮ ಮನೆಯವರಿಗೆ ಸಿಂಗಪುರದಲ್ಲಿ ಆಗತಾನೆ ಕೆಲಸ ಸಿಕ್ಕಿತ್ತು. ಮೂವರ ಜೊತೆ ಒಂದು ಕೋಣೆಯಲ್ಲಿದ್ದರು. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ವರ್ಷವಾದರೂ ಬೇಕು ಎಂದಿದ್ದರು. ಆ ಒಂದು ವರ್ಷವನ್ನು ಅತ್ತೆಯ ಮನೆಯಲ್ಲಿ ಕಳೆಯುವುದಕ್ಕಿಂತ ಆಫ್ರಿಕದಲ್ಲಿ ಕಳೆಯುವುದು ಸುಲಭ ಎಂದು ನನಗೆ ತೋರಿತು. ಪರಿಚಯದವರೊಬ್ಬರ ಮೂಲಕ, ಒಂದು ಹಳ್ಳಿಯ ಹೈಸ್ಕೂಲಿಗೆ ಗಣಿತದ ಟೀಚರಾಗಿ, ಎಂಟು ವರ್ಷದ ಸಿಂಚನಳನ್ನು ಕಟ್ಟಿಕೊಂಡು ಹೋದೆ. ಆ ಹಳ್ಳಿಯ ಹೆಸರನ್ನು ನನ್ನ ದಿನಚರಿಯಲ್ಲಿ ಎರಡು ಥರ ಬರೆದಿದ್ದೇನೆ. ಯಾವುದು ಸರಿ ಎಂದು ಈಗ ಗೊತ್ತಿಲ್ಲವಾದ್ದರಿಂದ ಎರಡನ್ನೂ ಬಿಡುತ್ತೇನೆ.

ತಗಡಿನ ಸೂರಿನ ಎರಡು ಕೋಣೆಯ ಮನೆ ಕೊಟ್ಟಿದ್ದರು. ಕರೆಂಟು ಇರಲಿಲ್ಲ. ನೀರು, ಊರಿನ ಮಧ್ಯದ ಕೈಪಂಪಿನಿಂದ ಹೊತ್ತು ತರಬೇಕು. ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆಗೆ ಅಮಾಯಿಯ ಮನೆ. ಅಮಾಯಿ ಎಂದರೆ ಅಲ್ಲಿ ತಾಯಿ ಎಂದರ್ಥ. ಅವರ ಹೆಸರನ್ನು ಯಾರೂ ಹಿಡಿದು ಕರೆಯುತ್ತಿರಲಿಲ್ಲ, ನಮ್ಮ ಕಡೆಯ ಹಾಗೆಯೇ ಮಗುವಿನ ಹೆಸರು ಸೇರಿಸಿ ಚಿಸೋಮೋಳ ಅಮ್ಮ ಎನ್ನುತ್ತಿದ್ದರು. ಚಿಸೋಮೋ ಸಿಂಚನಳ ವಯಸ್ಸಿನವಳು. ಮನೆಯ ಪಕ್ಕದಲ್ಲಿ, ಕಂಬಗಳ ಮೇಲೆ, ಬಿದಿರು ಹೆಣೆದು ಮಾಡಿದ ಅವರ ಕಣಜ ಹುಲ್ಲಿನ ಟೋಪಿ ಹಾಕಿಕೊಂಡು ನಿಂತಿತ್ತು. ಅದರಲ್ಲಿ ವರ್ಷದ ಮೆಕ್ಕೆಜೋಳ. ಅದರ ಹಿಟ್ಟಿನಿಂದ ಅವರು ಎರಡು ಹೊತ್ತೂ ಮಾಡುವುದು ನಮ್ಮ ರಾಗಿಮುದ್ದೆಯ ಬಿಳಿ ದಾಯಾದಿಯನ್ನು. ಮೊದಲ ದಿನ ತಿಂದಾಗ, ಇಷ್ಟು ದೂರ ಬಂದು ಕೊನೆಗೆ ಮುದ್ದೆಯೇ ಗತಿಯಾಯಿತಲ್ಲ ಎಂದು ನನಗೆ ನಗು ಬಂತು.

ಸ್ಕೂಲಿನಲ್ಲಿ ಒಂದು ಕ್ಲಾಸಿಗೆ ಎಪ್ಪತ್ತು ಮಕ್ಕಳು. ಪುಸ್ತಕ ನನ್ನ ಹತ್ತಿರ ಮಾತ್ರ. ಹಿರಿಯರಿಗೆ ಏನನ್ನಾದರೂ ಕೊಡುವಾಗ ಅಲ್ಲಿಯ ಮಕ್ಕಳು ಮಂಡಿಯೂರಿ, ಎರಡೂ ಕೈಯಲ್ಲಿ ಕೊಡುತ್ತಾರೆ. ನೋಟ್‌ಬುಕ್ಕು ತೋರಿಸಲು ಬಂದ ಪ್ರತಿಯೊಬ್ಬರೂ ಮಂಡಿಯೂರುವರು. ನನಗೆ ಸಂಕೋಚವಾಗಿ, ಎಬ್ಬಿಸಲೆಂದು ನಾನು ಬಗ್ಗುವೆ. ಟೀಚರು ಬಗ್ಗಿದರಲ್ಲ ಎಂದು ಅವರು ಇನ್ನೂ ಬಗ್ಗುವರು. ಮೊದಲ ತಿಂಗಳು ತ್ರಿಕೋನಮಿತಿಯನ್ನು ಬಹುಪಾಲು ನೆಲದ ಮಟ್ಟದಲ್ಲೇ ಕಲಿಸಿದೆ. ಪಂಪಿನ ಹತ್ತಿರ ನನ್ನ ಸ್ಥಿತಿ ಇನ್ನೂ ಕೇವಲವಾಗಿತ್ತು. ಆರು ವರ್ಷದ ಹುಡುಗಿಯರು ಕೈ ಬಿಟ್ಟು ಬಕೆಟ್ಟು ಹೊತ್ತು ಹೋಗುವಲ್ಲಿ ನಾನು ಎರಡೂ ಕೈಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ಒದ್ದೆಯಾಗಿ, ಕಾಲು ಬಕೆಟ್ಟು ನೀರಿನೊಂದಿಗೆ ಮನೆ ಸೇರುವೆ. ಅಮಾಯಿ ಏನೋ ಹೇಳಿದರು, ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮೂರು ತಿಂಗಳಲ್ಲಿ ಆ ಭಾಷೆ ಕಲಿತುಬಿಟ್ಟಿದ್ದ ಸಿಂಚನಳನ್ನು ಕೇಳಿದೆ. "ಟೀಚರ್ ನೀರು ತರಲ್ಲ, ನೀರೇ ಟೀಚರ್‌ನ ಮನೆಗೆ ತರತ್ತೆ ಅಂತೆ" ಎಂದಳು. ಅಮಾಯಿಯೂ ನಾನೂ ಆಡಿದ ಮಾತುಗಳೆಲ್ಲ ಹೀಗೆ ಎಂಟು ವರ್ಷದ ಮಗುವಿನ ಬಾಯಿಯಿಂದಲೇ ಅತ್ತಿತ್ತ ಹೋಗಬೇಕಾಗಿತ್ತು. ಇದನ್ನು ಓದುವವರು ದಯವಿಟ್ಟು ನೆನಪಿಡಬೇಕು.

ನಾವು ಹೋದ ವಾರದಲ್ಲೇ ಅಮಾಯಿ ನೀಲಿ ಅಂಚಿನ ಎನಾಮಲ್ ಬೋಗುಣಿಯ ತುಂಬ ಕಡಲೆಕಾಯಿ ತಂದುಕೊಟ್ಟರು. ಎರಡು ದಿನ ಬಿಟ್ಟು ಬೋಗುಣಿಯಲ್ಲಿ ಉಪ್ಪಿಟ್ಟು ಹಾಕಿ ವಾಪಸು ಕೊಟ್ಟೆ. ಅವರು ಕುಂಬಳಕಾಯಿ ತಂದರು. ನಾನು ಚಿತ್ರಾನ್ನ ಕೊಟ್ಟೆ. ಮೆಕ್ಕೆಜೋಳದ ಹಿಟ್ಟು ಬಂತು, ಸಿಹಿಗೆಣಸು ಬಂತು, ಮೊಟ್ಟೆ ಬಂತು. ಮೊಟ್ಟೆ ನಾವು ತಿನ್ನುವುದಿಲ್ಲ ಎನ್ನುವಷ್ಟು ಮಾತು ನನಗೆ ಬಾರದೆ ಸ್ಕೂಲಿನ ವಾಚ್‌ಮನ್ನಿಗೆ ದಾಟಿಸಿದೆ. ಮೊಟ್ಟೆಗಳು ಖರ್ಚಾದದ್ದು ನೋಡಿ, ಟೀಚರಿಗೆ ಇಷ್ಟವೆಂದು ಅಮಾಯಿ ಜೀವಂತ ಕೋಳಿಯನ್ನೇ ತಂದು ಬಾಗಿಲಿಗೆ ಕಟ್ಟಿದರು. ಅಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕೋಳಿ ನಡೆಯುವ ರೀತಿ ನಾನು ಕ್ಲಾಸಿನಲ್ಲಿ ನಡೆಯುವ ಹಾಗಿದೆ ಎಂದು ಸಿಂಚನ ಅದಕ್ಕೆ ಮಿಸ್ ಎಂದು ಹೆಸರಿಟ್ಟಳು. ಕೋಳಿ ಮೊಟ್ಟೆಯಿಟ್ಟಿತು. ಆ ಮೊಟ್ಟೆಗಳನ್ನು ನಾನು ಬೋಗುಣಿಯಲ್ಲಿಟ್ಟು ಅಮಾಯಿಗೇ ಕಳಿಸಿದೆ. ತಮ್ಮ ಕೋಳಿಯ ಮೊಟ್ಟೆ ತಮಗೇ ಕಾಣಿಕೆಯಾಗಿ ಬಂದದ್ದನ್ನು ನೋಡಿ ಅಮಾಯಿ ಹೊಸಿಲಿನಲ್ಲೇ ಕೂತುಬಿಟ್ಟರು.

ಸಿಂಗಪುರದ ಕನ್ನಡದವರ ನಡುವೆ ಇದು ಕೋಳಿ ಕಥೆ ಎಂದೇ ಪ್ರಸಿದ್ಧ. ಕಾಂಡೋಗಳ ಪಾರ್ಟಿ ಹಾಲಿನಲ್ಲಿ, ಎಲ್ಲರೂ ತಂದ ಊಟ ಮುಗಿದ ಮೇಲೆ, "ಆಂಟಿ, ಮಲಾವಿ ಕೋಳಿ ಕಥೆ ಹೇಳಿ, ಇವ್ರು ಕೇಳಿಲ್ಲ" ಎಂದು ಹೊಸಬರನ್ನು ನನ್ನ ಮುಂದೆ ತಂದು ಕೂರಿಸುತ್ತಾರೆ. ಹೇಳಿ ಹೇಳಿ ಕಥೆ ಪಳಗಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಅಮಾಯಿಯ ಹಾಗೆ ಕೂರಬೇಕು ಎಂಬುದೆಲ್ಲ ಗೊತ್ತು. ಈಚಿನ ವರ್ಷಗಳಲ್ಲಿ ಅದರಲ್ಲಿ ಒಂದು ಆಡೂ ಸೇರಿಕೊಂಡಿದೆ. ಆಡು ಇತ್ತೇ ಎಂದು ಕೇಳಬೇಡಿ. ಹೇಳುವಾಗ ನನಗೆ ಅದು ಕಾಣಿಸುತ್ತದೆ. ಸಿಂಚನ ಎಷ್ಟೋ ಸಲ ಅದೇ ಕೋಣೆಯಲ್ಲಿದ್ದಳು. ಅವಳು ಒಮ್ಮೆಯೂ ನಕ್ಕದ್ದು ನನಗೆ ನೆನಪಿಲ್ಲ. ಕೇಳಿ ಕೇಳಿ ಬೇಸರವಾಗಿರಬೇಕು ಎಂದುಕೊಂಡಿದ್ದೆ.

ಆ ಸಂಜೆಯ ಮಾರನೆಯ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಮಂಚದ ಕೆಳಗಿನ ಸೂಟ್‌ಕೇಸಿನಿಂದ ಆ ವರ್ಷದ ದಿನಚರಿ ತೆಗೆದೆ. ಗೆದ್ದಲು ಒಂದು ಮೂಲೆಯನ್ನು ತಿಂದಿದೆ, ಅದು ಮಲಾವಿಯ ಗೆದ್ದಲೋ ಮೈಸೂರಿನದೋ ತಿಳಿಯದು. ಆಡು ಇರಲಿಲ್ಲ. ಕೋಳಿ ಇತ್ತು. ಅಮಾಯಿ ಹೊಸಿಲಲ್ಲಿ ಕೂತದ್ದು ಮಾತ್ರ ಎಲ್ಲೂ ಇರಲಿಲ್ಲ. "ಮೊಟ್ಟೆ ಕಳಿಸಿದೆ. ಅಮಾಯಿ ಏನೂ ಹೇಳಲಿಲ್ಲ" ಎಂದಿತ್ತು. ಡಿಸೆಂಬರಿನಲ್ಲಿ ಕೋಳಿಯನ್ನು ಕಾಡುಬೆಕ್ಕು ಒಯ್ದ ಸುದ್ದಿ ಇತ್ತು. ಆಮೇಲೆ ಜನವರಿ.

ಜನವರಿಯ ಮೊದಲ ವಾರ ಹೀಗೆ ಬರೆದಿದ್ದೇನೆ: "ಫಸ್ಟ್ ಪೀರಿಯಡ್ಡಿನಲ್ಲಿ ಹನ್ನೊಂದು ಜನ ನಿದ್ದೆ. ಬೀಜಗಣಿತದಲ್ಲಿ ಶ್ರದ್ಧೆ ಇಲ್ಲ. ಹೆಡ್‌ಮಾಸ್ಟರಿಗೆ ದೂರಿದೆ. ಇದು ಜನವರಿ ಮೇಡಂ ಅಂದರು. ಮಳೆಗಾಲ ಅಂತ ಇರಬೇಕು." ಎರಡು ದಿನದ ಮೇಲೆ: "ಇವತ್ತು ಎಲ್ಲರನ್ನೂ ನಿಲ್ಲಿಸಿ ಪಾಠ ಮಾಡಿದೆ. ಯಾರೂ ತೂಕಡಿಸಲಿಲ್ಲ." ಆ ವಾಕ್ಯದಲ್ಲಿ ಜಂಬವಿದೆ. ಅಕ್ಷರಗಳು ಸಹ ಸ್ವಲ್ಪ ದೊಡ್ಡವಾಗಿವೆ. ಮುಂದಿನ ವಾರ ಒಬ್ಬ ಹುಡುಗಿ ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದುಕೊಂಡೇ ಕುಸಿದಳು ಎಂದೂ, ನೀರು ಕುಡಿಸಿ ಮನೆಗೆ ಕಳಿಸಿದೆ ಎಂದೂ ಬರೆದಿದ್ದೇನೆ. ಅದರ ಕೆಳಗೆ, ಅದೇ ದಿನ, ಪಟ್ಟಣದ ಗುಜರಾತಿ ಅಂಗಡಿಯಲ್ಲಿ ಒಳ್ಳೆಯ ತೊಗರಿಬೇಳೆ ಬಂದಿದೆ ಎಂದು ಇದೆ.

ಆ ಊರಿನಲ್ಲಿ ಜನವರಿ, ಫೆಬ್ರವರಿ ಎಂದರೆ ಕಣಜದ ಹಳೆಯ ಜೋಳ ಮುಗಿದು, ಹೊಸ ಜೋಳ ಹೊಲದಲ್ಲಿ ಇನ್ನೂ ಹಸಿರಾಗಿ ನಿಂತಿರುವ ಕಾಲ. ಏಪ್ರಿಲ್ ಬರುವತನಕ ಜನ ಹೇಗೋ ದಾಟಬೇಕು. ಒಂದು ಹೊತ್ತಿನ ಊಟ ಬಿಡುತ್ತಾರೆ, ಕಾಡಿನ ಗೆಡ್ಡೆ ಅಗೆದು ಬೇಯಿಸುತ್ತಾರೆ. ಹೆಡ್‌ಮಾಸ್ಟರು ಹೇಳಿದ್ದು ಅದನ್ನು. ಅಲ್ಲಿ ಹುಟ್ಟಿದವರಿಗೆ ಅಷ್ಟು ಹೇಳಿದರೆ ಸಾಕು. ನನಗೆ ಇದು ತಿಳಿದದ್ದು ಊರು ಬಿಟ್ಟು ಎಷ್ಟೋ ವರ್ಷದ ಮೇಲೆ ಎಂದು ನಾನು ಇಲ್ಲಿಯತನಕ ನನಗೇ ಹೇಳಿಕೊಂಡು ಬಂದಿದ್ದೇನೆ. ಯಾವುದೋ ಲೇಖನದಲ್ಲಿ ಓದಿದೆ ಎಂದು ನೆನಪು. ಯಾವ ಲೇಖನ, ಎಲ್ಲಿ ಎಂದರೆ ಗೊತ್ತಿಲ್ಲ. ಬಾದಾಮಿ ಹಲ್ವದ ಹಾಗೆ ಇದೂ ಇರಬಹುದು.

ಬೋಗುಣಿ ಮಾತ್ರ ಆ ತಿಂಗಳುಗಳಲ್ಲೂ ಓಡಾಡುತ್ತಲೇ ಇತ್ತು. "ಅಮಾಯಿ ಬೋಗುಣಿ ತುಂಬ ಹಿಟ್ಟು ಕೊಟ್ಟರು. ಸುಸ್ತಾಗಿತ್ತು, ಒಂದು ಚಮಚ ಸಕ್ಕರೆ ಹಾಕಿ ಕಳಿಸಿದೆ." ಆಮೇಲೆ, "ಹಿಟ್ಟು, ಅರ್ಧ ಬೋಗುಣಿ. ಸಕ್ಕರೆ ಹಾಕಿ ಕಳಿಸಿದೆ." ಆಮೇಲೆ ಕುಂಬಳದ ಎಲೆ, ಸಕ್ಕರೆ. ಸ್ಕೂಲಿನ ಕೆಲಸ ಹೆಚ್ಚಾಗಿತ್ತು, ಉಪ್ಪಿಟ್ಟು ಕೆದಕಲು ಪುರುಸೊತ್ತಿರಲಿಲ್ಲ, ನಿಯಮಕ್ಕೆ ಒಂದು ಚಮಚ ಸಾಕಲ್ಲ. ನಾನು ಆ ಚಮಚವನ್ನು ಹಾಕಿದಷ್ಟು ಸಲವೂ, ಟೀಚರ್ ಏನೋ ಕೊಟ್ಟರಲ್ಲ ಎಂದು ಅವರು ಮತ್ತೆ ತಮ್ಮ ಕಣಜದ ತಳ ಗೋರಿದ್ದಾರೆ. ಗಣಿತದ ಟೀಚರಿಗೆ ಈ ಸಮೀಕರಣ ಹೊಳೆಯಲಿಲ್ಲ. ಜನವರಿಯ ಕೊನೆಯಲ್ಲಿ ಒಂದು ಸಾಲು ಇದೆ. ಅದನ್ನು ಇಲ್ಲಿ ನಕಲು ಮಾಡಲು ಮನಸ್ಸಿಲ್ಲ, ಆದರೂ ಮಾಡುತ್ತೇನೆ. "ಅಮಾಯಿ ಏನೋ ಗೆಡ್ಡೆ ಬೇಯಿಸಿ ಕೊಟ್ಟರು. ಏನೋ ಹೇಳಿದರು ಕೂಡ. ಗೆಡ್ಡೆ ಕಹಿ, ಎಸೆದೆ. ಸಕ್ಕರೆ ಹಾಕಿ ಕಳಿಸಿದೆ."

ಏನೋ ಹೇಳಿದರು. ಸಿಂಚನ ಪಕ್ಕದಲ್ಲಿ ಇದ್ದಳೇ, ಆಡಲು ಹೋಗಿದ್ದಳೇ, ಇದ್ದರೆ ಆ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳೇ, ದಿನಚರಿಯಲ್ಲಿ ಇಲ್ಲ.

ಫೆಬ್ರವರಿಯಲ್ಲಿ ಇನ್ನೊಂದು: "ಸಿಂಚನ, ಚಿಸೋಮೋ ಕಣ್ಣಾಮುಚ್ಚಾಲೆಯಲ್ಲಿ ಕಣಜದೊಳಗೆ ಅಡಗಿ ಕೂತಿದ್ದರಂತೆ. ಹೊಸ ಫ್ರಾಕು ಪೂರ್ತಿ ಧೂಳು. ಚೆನ್ನಾಗಿ ಬೈದೆ." ಇದಾಗಿ ನಾಲ್ಕು ದಿನಕ್ಕೆ ಅಮಾಯಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದರು. ನೀರಿನ ಸಾಲಿನಲ್ಲಿ ಹೊತ್ತು ಹೋಗುವುದಿಲ್ಲ ಎಂದು ನಾನು ಬೇಸರಪಟ್ಟುಕೊಂಡಿದ್ದೇನೆ. ಅವರು ಏಪ್ರಿಲಿನಲ್ಲಿ ವಾಪಸು ಬಂದರು. ಚಿಸೋಮೋ ಬರಲಿಲ್ಲ. ಅಜ್ಜಿಯ ಊರಿನಲ್ಲೇ ಉಳಿದಳಂತೆ, ಅಲ್ಲಿ ಸ್ಕೂಲು ದೂರವಂತೆ. ಸಿಂಚನ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ, ಮಲೇರಿಯಾ ಇರಬಹುದೆಂದು ಮಾತ್ರೆ ಕೊಟ್ಟೆ ಎಂದು ಬರೆದಿದ್ದೇನೆ.

ಬೋಗುಣಿ ಬೆಡೋಕಿಗೆ ಬಂದದ್ದು ಹೇಗೆ ಎಂದು ನೀವು ಕೇಳದಿದ್ದರೂ ಹೇಳಬೇಕು. ಜುಲೈನಲ್ಲಿ, ಸಿಂಗಪುರದಲ್ಲಿ ನೆಲೆಸಲು ನಮಗೆ ಬೇಕಾದ ಪಾಸು ಬಂತು. ಹೊರಡುವ ದಿನ ಬೆಳಿಗ್ಗೆ ಲಾರಿ ಬಂದು ನಿಂತಾಗ, ಕಟ್ಟಿದ ಸಾಮಾನಿನ ಪಕ್ಕದಲ್ಲಿ ಬೋಗುಣಿ ಉಳಿದಿತ್ತು. ಅಮಾಯಿ ಹಿಂದಿನ ದಿನ ಕೊನೆಯ ಸಲ ಕಡಲೆಕಾಯಿ ತಂದಿದ್ದರು. ಹೊಸ ಬೆಳೆಯ ಕಡಲೆ. ಅಡುಗೆಮನೆ ಖಾಲಿ ಮಾಡಿದ್ದೆ, ಹಾಕಿ ಕೊಡಲು ಒಂದು ಚಮಚ ಸಕ್ಕರೆಯೂ ಇರಲಿಲ್ಲ. ಅಮಾಯಿ ಹೊಲದಲ್ಲಿದ್ದರು. ಬಾಗಿಲಲ್ಲಿ ಇಟ್ಟು ಬರಬಹುದಿತ್ತು, ಇಪ್ಪತ್ತೇ ಹೆಜ್ಜೆ. ಆದರೆ ಖಾಲಿ ಇಡುವುದು ಹೇಗೆ? ಪಟ್ಟಣದಲ್ಲಿ ಏನಾದರೂ ಕೊಂಡು, ತುಂಬಿಸಿ, ಲಾರಿಯವನ ಕೈಯಲ್ಲಿ ಕಳಿಸಿದರಾಯಿತು ಎಂದು ಒಂದು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಪಟ್ಟಣದಲ್ಲಿ ಬಸ್ಸಿನ ಗಡಿಬಿಡಿಯಲ್ಲಿ ಮರೆತೆ. ಸಿಂಗಪುರದಲ್ಲಿ ಆ ಸೀರೆ ಬಿಡಿಸಿದಾಗ ಒಳಗಿಂದ ನೀಲಿ ಅಂಚು ಕಾಣಿಸಿತು. ಖಾಲಿ ಕೊಡಬಾರದೆಂದು ಇನ್ನೊಬ್ಬರ ಬೋಗುಣಿಯನ್ನೇ ಒಯ್ದವಳು ನಾನು. ಅಮ್ಮ ಇದ್ದಿದ್ದರೆ ಇದಕ್ಕೆ ಏನು ಹೇಳುತ್ತಿದ್ದರೋ. ಕಾಂಡೋ ಪಾರ್ಟಿಗಳಲ್ಲಿ ನಾನು ಕಥೆಯನ್ನು ಕೋಳಿಯ ಮೊಟ್ಟೆಗೇ ನಿಲ್ಲಿಸುತ್ತೇನೆ, ಇಲ್ಲಿಯತನಕ ತರುವುದಿಲ್ಲ.

ನಮ್ಮ ಮನೆಯವರಿಗೆ ದಿನಚರಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. "ನಾನಲ್ಲಿ ಇರ್ಲಿಲ್ಲ, ನನ್ನೇನೂ ಕೇಳ್ಬೇಡ" ಎಂದರು. ಆಮೇಲೆ, "ನಿಂಗೆ ಗೊತ್ತಿರ್ಲಿಲ್ಲ ಬಿಡು" ಎಂದರು. ಕಾಣದವರು ಕೊಟ್ಟ ಸಮಾಧಾನ, ಅದನ್ನು ಇಟ್ಟುಕೊಳ್ಳುವುದೆಲ್ಲಿ ಎಂದು ನನಗೆ ತಿಳಿಯಲಿಲ್ಲ.

ಆ ಶನಿವಾರ, ಕೇಕು ಬಂದಿದ್ದ ಟಾನ್ ಆಂಟಿಯ ಡಬ್ಬವನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಕೊಡಲು ನಿರ್ಧರಿಸಿದೆ. ಐವತ್ತೈದು ವರ್ಷದ ಜೀವನದಲ್ಲಿ ಮೊದಲ ಸಲ. ಸಿಂಚನ ಬಾಗಿಲಲ್ಲಿ ಕಾವಲು ನಿಂತಳು.

"ಬರೀ ಬಾಕ್ಸ್, ಓಕೆ? ಕರಿಬೇವಿನ ಎಲೆ ಕೂಡ ಇಲ್ಲ."

"ಇಲ್ಲ ಕಣೆ."

"ಮುಚ್ಚಳ ತೆಗೆದು ತೋರ್ಸು."

"ನಿನ್ನಮ್ಮನ್ನೇ ನಂಬಲ್ವಾ?"

ಅವಳು ನಂಬಿದಳು. ಬೆಲ್ ಮಾಡದೆ ಡಬ್ಬವನ್ನು ಅವರ ಕಬ್ಬಿಣದ ಗೇಟಿಗೆ ಚೀಲದಲ್ಲಿ ತೂಗುಹಾಕಿ ಬಂದೆ. ಅದರ ಮೂಲೆಯಲ್ಲಿ ಒಂದು ಚಿಟಿಕೆ, ಖಂಡಿತ ಚಮಚವಲ್ಲ, ಒಂದೇ ಚಿಟಿಕೆ ಸಕ್ಕರೆ ಇತ್ತು. ಮಾರನೆಯ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಎರಡು ಕಿತ್ತಳೆ ತೂಗುತ್ತಿದ್ದವು.

ಸಿಂಚನ ಕಿತ್ತಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಅವ್ರ ಮಂಡಿ, ಅಮ್ಮ" ಎಂದಳು ಅಷ್ಟೆ. ಊಟದ ಮೇಜಿನ ಮುಂದೆ ಕೂತು ಒಂದು ಹಣ್ಣು ಸುಲಿಯತೊಡಗಿದಳು. ನಾನು ದಿನಚರಿಯನ್ನು ತಂದು ಫೆಬ್ರವರಿಯ ಆ ಪುಟ ತೆರೆದು ಅವಳ ಮುಂದಿಟ್ಟೆ. ಅವಳಿಗೆ ಕನ್ನಡ ಓದಲು ನಿಧಾನ, ತುಟಿಯಲ್ಲೇ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಕಾದೆ.

"ನೀವಿಬ್ರೂ ಒಳಗೆ ಕೂರೋಷ್ಟು ಜಾಗ ಇತ್ತಾ ಅದರಲ್ಲಿ?" ಎಂದು ಕೇಳಿದೆ.

"ಐದು ಜನ ಕೂರಬಹುದಿತ್ತು."

"ಜೋಳ?"

ಅವಳು ತಲೆಯಾಡಿಸಿದಳು, ಇಲ್ಲವೆಂದು. ಆಗ ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆ. ಅವಳು ಹಣ್ಣಿನ ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ತೆಗೆದಳು, ಎಲ್ಲ ತೊಳೆಗಳದ್ದೂ. ಅರ್ಧ ಹಣ್ಣನ್ನು ನನ್ನ ಮುಂದಿಟ್ಟು, ದಿನಚರಿಯನ್ನು ಮುಚ್ಚಿ, ಕೈ ತೊಳೆಯಲು ಎದ್ದು ಹೋದಳು. ಇದಾಗಿ ಮೂರು ವಾರವಾಯಿತು. ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ, ಟಾನ್ ಆಂಟಿಗೆ ಮಾರ್ಕೆಟ್ಟಿನಿಂದ ತರಕಾರಿ ತಂದುಕೊಡಲು ಶುರುಮಾಡಿದ್ದಾಳೆ. ನನ್ನೊಂದಿಗೆ ಮುನಿಸೇನೂ ಇಲ್ಲ. ಹೌದು ಎಂದರೆ ನಾನು ಎಂಥವಳು ಎಂದು ತಿಳಿಯುತ್ತದೆ. ಇಲ್ಲ ಎಂದರೆ, ನನಗಾಗಿ ಸುಳ್ಳು ಹೇಳಿದಳೇ ಎಂದು ಉಳಿದ ಜೀವನವೆಲ್ಲ ಅನುಮಾನಿಸುತ್ತೇನೆ. ಅವಳಿಗೂ ಇದು ಗೊತ್ತಿದೆಯೋ, ಅಥವಾ ಆಗ ಎಂಟು ವರ್ಷದ ಮಗುವಾಗಿದ್ದವಳಿಗೆ ನಿಜಕ್ಕೂ ನೆನಪಿಲ್ಲವೋ.

ಈ ವರ್ಷದ ದಿನಚರಿಯಲ್ಲಿ ಅವತ್ತಿನ ತಾರೀಖಿನ ಕೆಳಗೆ ಆ ಪ್ರಶ್ನೆಯನ್ನು ಬರೆದು, ಉತ್ತರಕ್ಕೆಂದು ನಾಲ್ಕು ಸಾಲು ಜಾಗ ಬಿಟ್ಟಿದ್ದೇನೆ. ಖಾಲಿ ಜಾಗ ಕಂಡರೆ ಏನಾದರೂ ಹಾಕದೆ ಇರಲಾರದವಳು ನಾನು. ಎರಡು ಸಲ ಪೆನ್ನು ತೆಗೆದುಕೊಂಡಿದ್ದೆ, ಏನಾದರೂ ಸಿಹಿಯಾದದ್ದನ್ನು ಬರೆದುಬಿಡೋಣ ಎಂದು. ಇನ್ನೂ ಬರೆದಿಲ್ಲ. ಪ್ರಶ್ನೆ ಒಂದೇ ಇದೆ.

"ಕಣಜದಲ್ಲಿ ಏನೂ ಇಲ್ಲ ಅಂತ, ಅವತ್ತು ಮನೆಗೆ ಬಂದು, ನೀನು ನಂಗೆ ಹೇಳಿದ್ಯಾ ಸಿಂಚು?"